ಬಣ್ಣದ ಕೆಳಗಿನ ಅಂಕಿ

ಮಲಪ್ರಭೆಯ ದಂಡೆಯ ಊರುಗಳಿಗೆ ದೋಣಿ ಬಂದಿತೆಂದರೆ ಆ ವರ್ಷ ಕೆಟ್ಟದ್ದೆಂದೇ ಅರ್ಥ. ರೋಣ, ನರಗುಂದ, ಗಜೇಂದ್ರಗಡ ಇವು ಜೋಳ, ಕಡಲೆ, ಹತ್ತಿಗಳ ಸೀಮೆ. ಮುಗಿಲ ಕಡೆ ಮುಖಮಾಡಿ ಮಳೆಯನ್ನು ಕಾಯುವ ಸೀಮೆ. ಇಲ್ಲಿಯ ಮಕ್ಕಳು ದೋಣಿಯನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಕಾಣುವುದೇ ಹೆಚ್ಚು. ಆದರೆ 2019ರ ಆಗಸ್ಟ್ ತಿಂಗಳಲ್ಲಿ ನವಿಲುತೀರ್ಥದ ಅಣೆಕಟ್ಟು ತುಂಬಿ ಹೊಳೆ ಉಕ್ಕಿದಾಗ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರಗಳೂ ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿಗಳೂ ನೀರಿನ ನಡುವೆ ನಿಂತವು. ಎತ್ತಿನ ಬಂಡಿ ಓಡಾಡುತ್ತಿದ್ದ ದಾರಿಯಲ್ಲಿ ರಕ್ಷಣಾ ಪಡೆಯ ರಬ್ಬರು ದೋಣಿಗಳು ಓಡಾಡಿದವು. ಅದಕ್ಕೆ ಹತ್ತು ವರ್ಷ ಮೊದಲು, 2009ರಲ್ಲಿಯೂ, ಈ ದಂಡೆಯ ಜನ ನೆರೆಯ ಕಷ್ಟವನ್ನು ಕಂಡಿದ್ದರು.

ರೋಣಕ್ಕೆ ಹಿಂದೆ ದ್ರೋಣಪುರವೆಂಬ ಹೆಸರಿತ್ತೆಂದು ಊರಿನ ಹಿರಿಯರು ಹೇಳುವುದುಂಟು. ದ್ರೋಣವೆಂದರೆ ಸಂಸ್ಕೃತದಲ್ಲಿ ಮರವನ್ನು ತೋಡಿ ಮಾಡಿದ ಪಾತ್ರೆ. ಅದರ ಬಳಗದ ದ್ರೋಣಿ ಎಂಬ ಮಾತಿನಿಂದಲೇ ಕನ್ನಡದ ದೋಣಿ ಹುಟ್ಟಿತು. ದನಗಳು ನೀರು ಕುಡಿಯುವ ಕಲ್ಲಿನ ತೊಟ್ಟಿಗೂ ಹೊಳೆ ದಾಟಿಸುವ ವಾಹನಕ್ಕೂ ಕನ್ನಡದಲ್ಲಿ ದೋಣಿಯೆಂಬ ಒಂದೇ ಹೆಸರು ಬಂದಿರುವುದು ಇದೇ ಕಾರಣದಿಂದ. ಬರದ ನಾಡಿನ ಊರೊಂದು ಹೆಸರಿನಲ್ಲಿಯೇ ದೋಣಿಯ ನಂಟನ್ನು ಇಟ್ಟುಕೊಂಡಿರುವುದು ವಿನೋದದ ಸಂಗತಿಯೇ ಸರಿ.

ಅದಿರಲಿ. ದೋಣಿಯ ಮೈಮೇಲೆ ಒಂದು ಅಂಕಿ ಇರುತ್ತದೆ. ಹೆಸರಿನಂತೆ ದೊಡ್ಡದಾಗಿ ಬರೆದದ್ದಲ್ಲ. ಹುಡುಕಿದರೆ ಮಾತ್ರ ಕಾಣುವಂಥದು. ಅದರ ಉಪಯೋಗವನ್ನು ಒಳನಾಡಿನವರಿಗೆ ತಿಳಿಸಿಕೊಡಬೇಕಾದರೆ ಕಡಲಿಗೆ ಹೋಗಬೇಕಾದುದಿಲ್ಲ. ನರಗುಂದದ ಯಾವುದಾದರೂ ಮನೆಯ ಅಂಗಳಕ್ಕೆ ಹೋದರೆ ಸಾಕು. ಅಣ್ಣನ ಮಗ ಹಳೆಯ ಟ್ರ್ಯಾಕ್ಟರೊಂದನ್ನು ಕೊಳ್ಳಬೇಕೆಂದಿದ್ದಾನೆ. ಕಾಕಾ ಸುತ್ತಲೂ ಒಮ್ಮೆ ನಡೆದು ನೋಡುತ್ತಾನೆ.

“ಬಣ್ಣ ಹೊಸಾದೈತಿ ಕಾಕಾ. ಟೈರೂ ಛಲೋ ಅದಾವ.”

“ಬಣ್ಣ ಯಾಂವ ಬೇಕಾದರೂ ಬಳೀತಾನೋ ತಮ್ಮಾ. ಚಾಸಿ ನಂಬರ ಎಲ್ಲೈತಿ, ಮೊದಲ ಅದನ್ನ ತೋರಸು.”

“ನಂಬರ ಪ್ಲೇಟ ಮುಂದ ಐತೆಲ್ಲಾ.”

“ಪ್ಲೇಟಿಗೆ ಎರಡು ಬೋಲ್ಟ. ಬಿಚ್ಚಿ ಬ್ಯಾರೇದು ಹಾಕಾಕ ಎಷ್ಟೊತ್ತು ಬೇಕು? ಹಾಳಿ ತಗೊಂಡು ಬಾ, ಪೆನ್ಸಿಲ್ಲೂ ತಾ.”

ಹಾಳೆಯನ್ನು ಚಾಸಿಯ ಮೇಲಿಟ್ಟು ಪೆನ್ಸಿಲಿನಿಂದ ತಿಕ್ಕಿದರೆ ಕಬ್ಬಿಣದಲ್ಲಿ ಒತ್ತಿದ ಅಂಕಿ ಹಾಳೆಯ ಮೇಲೆ ಬಿಳಿದಾಗಿ ಮೂಡುತ್ತದೆ. ಅದು ನೋಂದಣಿ ಪುಸ್ತಕದ ಅಂಕಿಯೊಡನೆ ಅಕ್ಷರಕ್ಕೆ ಅಕ್ಷರ ಕೂಡಿದರೆ ವ್ಯಾಪಾರ ಮುಂದುವರಿಯಬಹುದು. ಕೂಡದಿದ್ದರೆ ಕಾಕಾ ಚಹಾ ಕುಡಿದು ಮನೆಗೆ ಹೊರಡುತ್ತಾನೆ. ಗದಗ ಜಿಲ್ಲೆಯ ಕೆ.ಎ. 26 ಎಂಬ ಪ್ಲೇಟು ಸರಕಾರ ಕೊಟ್ಟ ಹೆಸರು. ಚಾಸಿಯ ಅಂಕಿ ಕಾರ್ಖಾನೆಯಲ್ಲಿ, ವಾಹನದ ಹುಟ್ಟಿನೊಡನೆಯೇ, ಅದರ ಮೈಯಲ್ಲಿ ಮೂಡಿದ ಗುರುತು. ಊರು ಬದಲಾದರೆ, ಒಡೆಯ ಬದಲಾದರೆ ಮೊದಲಿನದು ಬದಲಾಗಬಹುದು. ಎರಡನೆಯದು ಗುಜರಿಗೆ ಹೋಗುವವರೆಗೂ ಅದೇ.

ದೋಣಿಗೂ ಇಂಥ ಎರಡು ಗುರುತುಗಳುಂಟು. ಮೂತಿಯ ಎರಡೂ ಮಗ್ಗುಲಲ್ಲಿ ದೂರಕ್ಕೆ ಕಾಣುವಂತೆ ಬಣ್ಣದಿಂದ ಬರೆದದ್ದು ನೋಂದಣಿಯ ಅಂಕಿ. ಒಡಲಿನಲ್ಲಿ ಕೆತ್ತಿದ್ದು, ಒತ್ತಿದ್ದು ಅಥವಾ ಅಚ್ಚಿನಲ್ಲಿಯೇ ಮೂಡಿಸಿದ್ದು ದೋಣಿಯ ಸ್ವಂತ ಅಂಕಿ. ಬರೆದದ್ದನ್ನು ಅಳಿಸಬಹುದು, ಮತ್ತೆ ಬರೆಯಬಹುದು. ಕೆತ್ತಿದ್ದನ್ನು ತೆಗೆಯಹೋದರೆ ಗಾಯ ಉಳಿಯುತ್ತದೆ. ಆ ಗಾಯವೇ ಸಾಕ್ಷಿ.

ಕೆತ್ತುವ ಪದ್ಧತಿ ಇಂದು ನಿನ್ನೆಯದಲ್ಲ. ಬ್ರಿಟನ್ನಿನ 1854ರ ವ್ಯಾಪಾರಿ ನೌಕಾ ಕಾಯಿದೆಯಿಂದ ನೋಂದಾಯಿತವಾದ ಪ್ರತಿ ಹಡಗಿಗೂ ಒಂದು ಅಧಿಕೃತ ಸಂಖ್ಯೆ ಬಂದಿತು. ಹಡಗಿನ ಹೆಸರನ್ನು ಮೂತಿಯ ಮೇಲೆ ಬಣ್ಣದಲ್ಲಿ ಬರೆದರೂ ಈ ಸಂಖ್ಯೆಯನ್ನು ಮಾತ್ರ ಒಳಗಿನ ಮುಖ್ಯ ತೊಲೆಯಲ್ಲಿ ಕೊರೆಯತಕ್ಕದ್ದೆಂದು ನಿಯಮವಾಯಿತು. ತೊಲೆಯನ್ನೇ ಏಕೆ ಆರಿಸಿದರು? ಹಲಗೆಗಳು ಕೊಳೆತರೆ ಬದಲಾಯಿಸುತ್ತಾರೆ, ಪಟಸ್ತಂಭ ಮುರಿದರೆ ಬೇರೆ ನಿಲ್ಲಿಸುತ್ತಾರೆ, ಹಾಯಿಯಂತೂ ಕೆಲವೇ ವರ್ಷದ ವಸ್ತು. ಮುಖ್ಯ ತೊಲೆಯನ್ನು ಕಿತ್ತರೆ ಮಾತ್ರ ಹಡಗು ಹಡಗಾಗಿ ಉಳಿಯುವುದಿಲ್ಲ. ಮನೆಯನ್ನು ಎಷ್ಟು ಸಲ ದುರಸ್ತಿ ಮಾಡಿಸಿದರೂ ನಡುಕಂಬವನ್ನು ಮುಟ್ಟದ ನಮ್ಮ ಬಡಿಗರಿಗೆ ಈ ವಿವೇಕವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಸಣ್ಣ ದೋಣಿಗಳಿಗೆ ಇಂಥ ವ್ಯವಸ್ಥೆ ಬಂದದ್ದು ಬಹಳ ತಡವಾಗಿ. ಅಮೆರಿಕದಲ್ಲಿ ವಿಹಾರದ ದೋಣಿಗಳು ಲಕ್ಷಗಟ್ಟಲೆ ಆದುವು. ಅವುಗಳ ಕಳವೂ ಹೆಚ್ಚಿತು. ಕಾರ್ಖಾನೆಯ ದೋಷದಿಂದ ಮುಳುಗುವಂತಿದ್ದ ದೋಣಿಗಳನ್ನು ಮರಳಿ ತರಿಸಿಕೊಳ್ಳಲು ಅವು ಯಾರ ಬಳಿ ಇವೆಯೆಂಬುದೇ ತಿಳಿಯದಾಯಿತು. 1971ರಲ್ಲಿ ಅಲ್ಲಿಯ ಸರಕಾರ ದೋಣಿಗಳ ಸುರಕ್ಷತೆಗಾಗಿ ಕಾಯಿದೆ ಮಾಡಿತು. 1972ರ ನವೆಂಬರಿನಿಂದ ಕಾರ್ಖಾನೆಯಿಂದ ಹೊರಡುವ ಪ್ರತಿ ದೋಣಿಯ ಒಡಲಿನ ಮೇಲೂ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಕಡ್ಡಾಯವಾಯಿತು. ಹೊರನೋಟಕ್ಕೆ ಅರ್ಥವಿಲ್ಲದಂತೆ ಕಾಣುವ ಈ ಸಾಲು ಓದಬಲ್ಲವನಿಗೆ ದೋಣಿಯ ಜಾತಕವೇ ಆಗಿದೆ. ಉದಾಹರಣೆಗೆ ‘ಎ-ಬಿ-ಸಿ-1-2-3-4-5-ಡಿ-4-2-4’ ಎಂದು ಇದೆಯೆಂದುಕೊಳ್ಳೋಣ. ಮೊದಲ ಮೂರು ಅಕ್ಷರ ತಯಾರಿಸಿದವರ ಸಂಕೇತ. ಮುಂದಿನ ಐದು ಆ ಕಾರ್ಖಾನೆಯ ಕ್ರಮಸಂಖ್ಯೆ. ‘ಎ’ ಎಂದರೆ ಜನವರಿ ಎಂದು ಎಣಿಸುತ್ತ ಬಂದರೆ ‘ಡಿ’ ಎಂಬುದು ಏಪ್ರಿಲ್. ಅದರ ಪಕ್ಕದ 4 ಕಟ್ಟಿದ ವರ್ಷದ ಕೊನೆಯ ಅಂಕಿ. ಕೊನೆಯ ಎರಡು ಅದು ಯಾವ ವರ್ಷದ ಮಾದರಿಯೆಂಬುದನ್ನು ಹೇಳುತ್ತವೆ. ದೋಣಿ 2024ರ ಏಪ್ರಿಲಿನದೆಂದು ತಿಳಿಯಿತಷ್ಟೆ. ಮಾರುವವನು ಅದನ್ನು “ಮೊನ್ನೆ ಮೊನ್ನೆಯದು” ಎಂದು ಹೇಳಿದರೆ ನಂಬಬೇಕೇ ಬೇಡವೇ ಎಂಬುದನ್ನು ಕೊಳ್ಳುವವನು ತಾನೇ ನಿರ್ಣಯಿಸಬಹುದು. ತಾರೀಖನ್ನು ಈ ಕ್ರಮದಲ್ಲಿ ಬರೆಯುವ ರೂಢಿ 1984ರಿಂದ ಈಚಿನದು. ಅದಕ್ಕೂ ಹಳೆಯ ದೋಣಿಗಳಲ್ಲಿ ಕೊನೆಯ ನಾಲ್ಕು ಸ್ಥಾನಗಳ ಅರ್ಥ ಬೇರೆ ಇರಬಹುದು.

ಕ್ರಮಸಂಖ್ಯೆಯಲ್ಲಿ ‘ಐ’, ‘ಓ’, ‘ಕ್ಯೂ’ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸಬಾರದೆಂದು ಇನ್ನೊಂದು ನಿಯಮ. ಉಪ್ಪುನೀರು ತಿಂದ ಒಡಲಿನ ಮೇಲೆ ‘ಐ’ ಯಾವುದು, ಒಂದು ಯಾವುದು. ‘ಓ’ ಯಾವುದು, ಸೊನ್ನೆ ಯಾವುದು? ಮೋಟಾರು ವಾಹನಗಳ ಹದಿನೇಳು ಸ್ಥಾನದ ಅಂಕಿಯಲ್ಲಿಯೂ ಈ ಮೂರು ಅಕ್ಷರಗಳಿಗೆ ಪ್ರವೇಶವಿಲ್ಲ. ಆದುದರಿಂದ ದೋಣಿಯ ಕ್ರಮಸಂಖ್ಯೆಯಲ್ಲಿ ‘ಓ’ ಕಂಡಂತಾದರೆ ಅದು ಸೊನ್ನೆಯೆಂದೇ ಓದತಕ್ಕದ್ದು. ಯೂರೋಪಿನಲ್ಲಿ ಇದೇ ಪದ್ಧತಿ 1998ರಿಂದ ಕಡ್ಡಾಯವಾಗಿದ್ದು, ಅಂತರರಾಷ್ಟ್ರೀಯ ಮಾನದಂಡದಂತೆ ಮೊದಲಿಗೆ ದೇಶದ ಎರಡು ಅಕ್ಷರಗಳೂ ಸೇರುತ್ತವೆ.

ಅಮೆರಿಕದ ದೊಡ್ಡ ಸರೋವರಗಳ ಬದಿಯಲ್ಲಿ ನೆಲಸಿದ ಕನ್ನಡ ಕುಟುಂಬಗಳು ಈಗ ಅನೇಕ. ಹುಬ್ಬಳ್ಳಿಯ ಅಜ್ಜಿ ಮಗನ ಮನೆಗೆ ಹೋಗಿ ಬಂದವಳು, ಬೇಸಗೆಯಲ್ಲಿ ಮೊಮ್ಮಕ್ಕಳೊಡನೆ ದೋಣಿಯಲ್ಲಿ ಕುಳಿತ ಚಿತ್ರವನ್ನು ನೆರೆಯವರಿಗೆ ತೋರಿಸುವುದು ಅಪರೂಪವಲ್ಲ. ಅಂಥ ಮನೆಗಳಲ್ಲಿ ಎರಡನೆಯ ಕೈಯ ದೋಣಿಯನ್ನು ಕೊಳ್ಳುವ ಮಾತು ಬಂದಾಗ ಈ ಅಂಕಿಯ ವಿಚಾರ ಕೇವಲ ಕುತೂಹಲದ್ದಾಗಿ ಉಳಿಯುವುದಿಲ್ಲ. ನೋಂದಣಿ, ವಿಮೆ, ಕಳವಿನ ದೂರು ಎಲ್ಲಕ್ಕೂ ಮೊದಲು ಕೇಳುವುದು ಅದನ್ನೇ.

ಹಾಗಾದರೆ ಅದನ್ನು ಹುಡುಕುವುದೆಲ್ಲಿ? ದೋಣಿಯ ಹಿಂಬದಿಗೆ ಹೋಗಿ ಅದನ್ನು ನೋಡುತ್ತ ನಿಲ್ಲಬೇಕು. ಹಿಂದಿನ ಅಡ್ಡಹಲಗೆಯ ಬಲಗಡೆಯ ಮೇಲ್ಭಾಗದಲ್ಲಿ, ಅಂಚಿನಿಂದ ಎರಡು ಅಂಗುಲದೊಳಗೆ ಅದು ಇರತಕ್ಕದ್ದು. ಅಕ್ಷರದ ಎತ್ತರ ಕಾಲು ಅಂಗುಲಕ್ಕೆ ಕಡಮೆಯಾಗಬಾರದು. ಆದರೆ ಕಾಲು ಅಂಗುಲವೆಂದರೆ ಎಷ್ಟು? ಒಂದು ಕಡಲೆಕಾಳಿನಷ್ಟು! ಪಾಚಿ ಹಿಡಿದರೆ, ಬಣ್ಣ ಎರಡು ಸಲ ಮೆತ್ತಿದರೆ, ಏಣಿಯನ್ನೋ ಕಟ್ಟುಪಟ್ಟಿಯನ್ನೋ ಅದರ ಮೇಲೆಯೇ ಜಡಿದರೆ ಕಾಣುವುದು ಹೇಗೆ? ಆಗ ಅನೇಕರು ಮಾಡುವ ತಪ್ಪೆಂದರೆ ಚಾಕು ತಂದು ಹೆರೆಯುವುದು. ಹೆರೆದರೆ ಬಣ್ಣದೊಡನೆ ಅಂಕಿಯೂ ಹೋದೀತು. ಹೋದ ಮೇಲೆ, ಹೆರೆದವನು ಕಳ್ಳನಲ್ಲವೆಂದು ನಂಬಿಸುವುದು ಕಷ್ಟವಾದೀತು.

ಸಾಬೂನಿನ ನೀರಿನಿಂದ, ಮೆತ್ತನೆಯ ಬ್ರಷ್ಷಿನಿಂದ ಮೊದಲು ತೊಳೆಯಬೇಕು. ಒಣಗಿದ ಬಳಿಕ, ಸಂಜೆ ಕತ್ತಲಾಗುವ ಹೊತ್ತಿಗೆ, ಟಾರ್ಚಿನ ಬೆಳಕನ್ನು ನೇರವಾಗಿ ಬಿಡದೆ ಓರೆಯಾಗಿ, ಹಲಗೆಗೆ ತಾಗಿದಂತೆ ಹರಿಸಬೇಕು. ನಡುಹಗಲಿನಲ್ಲಿ ಕಾಣದ ಅಂಕಿಯು ಈ ಓರೆ ಬೆಳಕಿನಲ್ಲಿ ನೆರಳಾಗಿ ಎದ್ದು ಬರುತ್ತದೆ. ನಮ್ಮ ನಾಡಿನ ಶಾಸನಶೋಧಕರಿಗೆ ಇದು ಹಳೆಯ ಉಪಾಯ. ಸವೆದ ಶಾಸನವನ್ನು ಓದಲು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲನ್ನು ಕಾಯುವುದುಂಟು. ರೋಣದ ಗುಡಿಗಳಲ್ಲಿಯೂ ಶಾಸನದ ಕಲ್ಲುಗಳಿವೆ. ಈ ಉಪಾಯವನ್ನು ಅವುಗಳ ಮುಂದೆ ನಿಂತು ಯಾರಾದರೂ ಪರೀಕ್ಷಿಸಿ ನೋಡಬಹುದು. ಕಲ್ಲಿಗೆ ನಿಜವಾದದ್ದು ಫೈಬರಿನ ಒಡಲಿಗೂ ನಿಜವೇ. ಬಳಿಕ ಕಾಕಾನ ಹಾಳೆ, ಪೆನ್ಸಿಲು. ತೆಳುವಾದ ಹಾಳೆಯನ್ನು ಬಿಗಿಯಾಗಿ ಹಿಡಿದು, ಪೆನ್ಸಿಲಿನ ಮೊನೆಯಿಂದಲ್ಲ, ಮಗ್ಗುಲಿನಿಂದ ಮೆಲ್ಲನೆ ತಿಕ್ಕಬೇಕು.

ಇಷ್ಟಾದರೂ ಸಿಕ್ಕದಿದ್ದರೆ? ನಿಯಮ ಮಾಡಿದವರು ಮನುಷ್ಯಸ್ವಭಾವವನ್ನು ಬಲ್ಲವರು. ಅದೇ ಅಂಕಿಯನ್ನು ಇನ್ನೊಂದು ಗುಪ್ತಸ್ಥಳದಲ್ಲಿಯೂ, ಒಡಲಿನ ಒಳಗೋ ಯಾವುದಾದರೊಂದು ಜೋಡಣೆಯ ಕೆಳಗೋ ಮೂಡಿಸಬೇಕೆಂದು ಅವರು ಸೇರಿಸಿದ್ದಾರೆ. ಕಳ್ಳನು ಹಿಂಬದಿಯ ಅಂಕಿಯನ್ನು ಉಜ್ಜಿ ಹಾಕಿ ನಿಶ್ಚಿಂತೆಯಿಂದ ಮಾರಹೊರಟರೆ, ಅವನು ಕಾಣದ ಮೂಲೆಯಲ್ಲಿ ಅದರ ಅವಳಿ ಕುಳಿತಿರುತ್ತದೆ. ಒಳಗಿನದಕ್ಕೂ ಹೊರಗಿನದಕ್ಕೂ ಹೊಂದದಿದ್ದರೆ ಆ ದೋಣಿಯನ್ನು ಕೊಳ್ಳಬೇಡಿ. ಬೆಲೆ ಅರ್ಧಕ್ಕೆ ಇಳಿದರೂ ಕೊಳ್ಳಬೇಡಿ.

ಮೀನುಗಾರರ ದೋಣಿಗಳ ಸಂಗತಿ ಇದಕ್ಕಿಂತ ಗಂಭೀರವಾದುದು. ಅಲ್ಲಿ ವಿಹಾರದ ಮಾತಿಲ್ಲ. ಕರ್ನಾಟಕದ ಕರಾವಳಿಯ ನಾಡದೋಣಿಗಳನ್ನು ಕಟ್ಟುವವರು ಬಡಿಗರು. ಕಾರ್ಖಾನೆಯ ಸಂಕೇತ, ಕ್ರಮಸಂಖ್ಯೆಗಳ ಹಂಗು ಅವರಿಗಿರಲಿಲ್ಲ. ಇಂಥ ದೋಣಿ ಇಂಥವರದೆಂದು ಊರಿಗೇ ಗೊತ್ತಿರುತ್ತಿತ್ತು. ದೋಣಿಗಳು ಯಂತ್ರ ತೊಟ್ಟು, ಹತ್ತಾರು ದಿನಗಳ ಮಂಜುಗಡ್ಡೆಯನ್ನೂ ಅಕ್ಕಿಯನ್ನೂ ತುಂಬಿಕೊಂಡು ಗೋವೆ, ಮಹಾರಾಷ್ಟ್ರಗಳ ಕಡಲಿಗೆ ಹೋಗತೊಡಗಿದ ಮೇಲೆ ಊರಿನ ನೆನಪು ಸಾಲದಾಯಿತು.

2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ಮಾಡಿದವರು ಬಂದದ್ದು ‘ಕುಬೇರ’ ಎಂಬ ಗುಜರಾತಿನ ಮೀನುಗಾರಿಕೆಯ ದೋಣಿಯನ್ನು ನಡುಗಡಲಿನಲ್ಲಿ ಅಪಹರಿಸಿ. ಅದರ ತಾಂಡೇಲನನ್ನು ಕೊಂದು, ದಡ ಹತ್ತಿರವಾದಾಗ ರಬ್ಬರು ದೋಣಿಗೆ ಇಳಿದರು. ಆ ಪ್ರಸಂಗದಲ್ಲಿ ದೋಣಿಯ ಗುರುತು ಸುಳ್ಳಾಗಿರಲಿಲ್ಲ, ಒಳಗಿದ್ದವರು ಬೇರೆಯಾಗಿದ್ದರು. ಅಂಕಿಯೊಂದೇ ಎಲ್ಲವನ್ನೂ ಕಾಯಲಾರದೆಂಬುದಕ್ಕೆ ಇದಕ್ಕಿಂತ ಕಠಿನವಾದ ಉದಾಹರಣೆ ಬೇಕಾಗಿಲ್ಲ. ಆದುದರಿಂದಲೇ ಆ ಬಳಿಕ ಮೀನುಗಾರರಿಗೆ ಗುರುತಿನ ಚೀಟಿಗಳು ಬಂದವು. ರಾಜ್ಯಕ್ಕೆ ಒಂದೊಂದರಂತೆ ದೋಣಿಗಳಿಗೆ ಬಣ್ಣದ ಸಂಕೇತ ಬಂದಿತು. ದೇಶಕ್ಕೆಲ್ಲ ಒಂದೇ ಬಗೆಯ ನೋಂದಣಿ ಬಂದಿತು. ದೇಶದ ಅಕ್ಷರಗಳು, ಬಳಿಕ ಕೆ.ಎ. ಎಂದು ರಾಜ್ಯದವು, ಬಳಿಕ ನೋಂದಣಿಯ ಸ್ಥಳ, ದೋಣಿಯ ವರ್ಗ, ಕ್ರಮಸಂಖ್ಯೆ ಹೀಗೆ ಉದ್ದಕ್ಕೆ ಬರೆದ ಸಾಲನ್ನು ಮಲ್ಪೆಯ ಧಕ್ಕೆಯಲ್ಲಿ ಯಾವ ಬೋಟಿನ ಮೈಮೇಲಾದರೂ ಇಂದು ಓದಬಹುದು.

ಅದೇ ಮಲ್ಪೆಯಿಂದ 2018ರ ಡಿಸೆಂಬರ್ 13ರಂದು ‘ಸುವರ್ಣ ತ್ರಿಭುಜ’ ಎಂಬ ಬೋಟು ಮೀನುಗಾರಿಕೆಗೆ ಹೊರಟಿತು. ಏಳು ಮಂದಿ ಅದರಲ್ಲಿದ್ದರು. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. 15ರ ನಸುಕಿನ ಬಳಿಕ ಬೋಟಿನಿಂದ ಮಾತಿಲ್ಲ. ಮಹಾರಾಷ್ಟ್ರದ ಮಾಲವಣದ ಆಚೆಯ ಕಡಲಿನಲ್ಲಿ ಅದು ಕಾಣೆಯಾಯಿತೆಂದಷ್ಟೇ ದಡದವರಿಗೆ ತಿಳಿದದ್ದು. ಕರಾವಳಿ ಕಾವಲು ಪಡೆ ಹುಡುಕಿತು, ನೌಕಾಪಡೆ ಹುಡುಕಿತು, ಜತೆಯ ಮೀನುಗಾರರು ತಮ್ಮ ಬೋಟುಗಳಲ್ಲಿ ಹುಡುಕಿದರು. 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಕಸುಬನ್ನು ನಿಲ್ಲಿಸಿ ಬೀದಿಗೆ ಬಂದರು. ಅಪಹರಣವಾಗಿರಬಹುದೇ ಎಂಬ ಆಸೆಯೂ—ಹೌದು, ಅಂಥ ಹೊತ್ತಿನಲ್ಲಿ ಅದೂ ಒಂದು ಆಸೆಯೇ—ಮನೆಗಳಲ್ಲಿ ಉಳಿದಿತ್ತು.

ಕಡಲ ತಳದಲ್ಲಿ ಮುಳುಗಿದ ವಸ್ತುಗಳು ಅನೇಕ. ಶಬ್ದದ ಅಲೆಯನ್ನು ಕಳುಹಿಸಿ ಅದರ ಮರುದನಿಯಿಂದ ತಳವನ್ನು ನೋಡುವ ಸೋನಾರ್ ಯಂತ್ರ ಉದ್ದವನ್ನು ಹೇಳುತ್ತದೆ, ಆಕಾರವನ್ನು ಹೇಳುತ್ತದೆ, ಹೆಸರನ್ನು ಹೇಳುವುದಿಲ್ಲ. ಇದು ಯಾರದೆಂದು ತಿಳಿಯಬೇಕಾದರೆ ಯಾರಾದರೊಬ್ಬರು ಇಳಿದು ಕಣ್ಣಿನಿಂದ ನೋಡಬೇಕು. 2019ರ ಮೇ ತಿಂಗಳ ಮೊದಲಿಗೆ ನೌಕಾಪಡೆಯ ‘ನಿರೀಕ್ಷಕ’ ಹಡಗು ಮಾಲವಣದಿಂದ ಸುಮಾರು 33 ಕಿಲೋಮೀಟರ್ ಆಚೆ, ಸುಮಾರು 60 ಮೀಟರ್ ಆಳದಲ್ಲಿ ಬಿದ್ದಿದ್ದ ಬೋಟನ್ನು ಕಂಡಿತು. ಅದು ಸುವರ್ಣ ತ್ರಿಭುಜವೆಂದು ಗುರುತಾಯಿತು. ಬೋಟು ಮುಳುಗಿದ್ದು ಹೇಗೆಂಬ ವಿವಾದ ಬೇರೆ. ಅದನ್ನು ಇಲ್ಲಿ ಎತ್ತಬೇಕಾದುದಿಲ್ಲ. ನಾಲ್ಕೂವರೆ ತಿಂಗಳು ಬಾಗಿಲ ಕಡೆ ನೋಡುತ್ತ ಕುಳಿತಿದ್ದ ಏಳು ಮನೆಗಳಿಗೆ ಒಂದು ಪ್ರಶ್ನೆಗಾದರೂ ಅಂದು ಉತ್ತರ ದೊರೆಯಿತು.

ಉತ್ತರ ದೊರೆಯದಿದ್ದರೆ ಏನಾಗುತ್ತದೆಂಬುದನ್ನು ಕಾನೂನು ಬಲ್ಲವರು ಹೇಳುತ್ತಾರೆ. ಏಳು ವರ್ಷ ಯಾವ ಸುದ್ದಿಯೂ ಇಲ್ಲದವನನ್ನು ಮಾತ್ರ ನಮ್ಮ ಸಾಕ್ಷ್ಯದ ಕಾಯಿದೆ ಸತ್ತವನೆಂದು ಭಾವಿಸುತ್ತದೆ. ಅಲ್ಲಿಯವರೆಗೆ ವಿಮೆಯ ಹಣ, ಬ್ಯಾಂಕಿನ ಖಾತೆ, ಮನೆಯ ಹಕ್ಕು ಎಲ್ಲವೂ ತೂಗುಯ್ಯಾಲೆ. ಹೆಂಡತಿ ಕುಂಕುಮವಿಡಬೇಕೋ ಬೇಡವೋ ಎಂಬುದನ್ನೂ ನೆರೆಹೊರೆಯವರು ಆಡಿಕೊಳ್ಳುತ್ತಾರೆ. ಒಡಲಿನ ಮೇಲಿನ ಗುರುತು ಎಂದರೆ ಗುಮಾಸ್ತರ ಕಡತಕ್ಕೆ ಬೇಕಾದ ಅಂಕಿಯೆಂದು ಎಣಿಸುವವರು ಇದನ್ನೊಮ್ಮೆ ಆಲೋಚಿಸಬೇಕು.

ದೊಡ್ಡ ಹಡಗುಗಳು ಈ ಪಾಠವನ್ನು ಕಲಿತು ಮುಗಿಸಿವೆ. ಹಡಗಿನ ಹೆಸರು ವ್ಯಾಪಾರದ ಅನುಕೂಲಕ್ಕೆ ಬದಲಾಗುತ್ತಿರುತ್ತದೆ. ಇಂದು ಒಂದು ದೇಶದ ಬಾವುಟ, ನಾಳೆ ಇನ್ನೊಂದರದು. ಅದಕ್ಕೆಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಏಳು ಅಂಕಿಗಳ ಸಂಖ್ಯೆ 1996ರಿಂದ ಕಡ್ಡಾಯವಾಯಿತು. ಕಟ್ಟಿದಂದಿನಿಂದ ಒಡೆಯುವವರೆಗೆ ಅದು ಬದಲಾಗದು. 2004ರಿಂದ ಅದನ್ನು ಒಡಲಿನ ಮೇಲೆ 200 ಮಿಲಿಮೀಟರಿಗೆ ಕಡಮೆಯಿಲ್ಲದ ಎತ್ತರದಲ್ಲಿ, ಹಿನ್ನೆಲೆಗೆ ಎದುರಾದ ಬಣ್ಣದಲ್ಲಿ, ಉಬ್ಬಿಸಿಯೋ ಕೊರೆದೋ ಶಾಶ್ವತವಾಗಿ ಮೂಡಿಸಬೇಕು. ಒಳಗೆ ಇನ್ನೊಂದು ಕಡೆಯೂ ಇರಬೇಕು. ಪ್ರಯಾಣಿಕರ ಹಡಗಾದರೆ ವಿಮಾನದಿಂದ ನೋಡಿದರೂ ಓದಲು ಬರುವಂತೆ ಮೇಲ್ಮುಖವಾದ ಜಾಗದಲ್ಲಿಯೂ ಬರೆಯಬೇಕು.

ಆ ಏಳು ಅಂಕಿಗಳಲ್ಲಿ ಒಂದು ಜಾಣತನ ಅಡಗಿದೆ. ಮಕ್ಕಳಿರುವ ಮನೆಗಳಲ್ಲಿ ಊಟದ ಬಳಿಕ ಪರೀಕ್ಷಿಸಲು ತಕ್ಕುದು. 9074729 ಎಂಬುದನ್ನು ತೆಗೆದುಕೊಳ್ಳಿರಿ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2 ಇವುಗಳಿಂದ ಗುಣಿಸಿರಿ: 63, 0, 35, 16, 21, 4. ಕೂಡಿಸಿದರೆ 139. ಅದರ ಕೊನೆಯ ಅಂಕಿ 9. ಸಂಖ್ಯೆಯ ಏಳನೆಯ ಅಂಕಿಯೂ 9. ಯಾರಾದರೂ ನಡುವಿನ 4ನ್ನು ತಪ್ಪಿ 1 ಎಂದು ಬರೆದುಕೊಂಡರೆ ಮೊತ್ತ 127 ಆಗುತ್ತದೆ, ಲೆಕ್ಕ ಕೂಡುವುದಿಲ್ಲ, ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಎಲ್ಲ ತಪ್ಪುಗಳನ್ನೂ ಇದು ಹಿಡಿಯುತ್ತದೆಂದಲ್ಲ. ಅವಸರದ ಕೈಬರಹದ ತಪ್ಪುಗಳಲ್ಲಿ ಹೆಚ್ಚಿನವನ್ನು ಹಿಡಿಯುತ್ತದೆ.

ಒಳನಾಡಿನ ನೀರಿಗೂ ಈಗ ಕಟ್ಟಳೆ ಬಂದಿದೆ. 1917ರಷ್ಟು ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ಹಡಗುಗಳ ಕಾಯಿದೆಯ ಪ್ರಕಾರ ಯಂತ್ರಚಾಲಿತ ದೋಣಿಯ ನೋಂದಣಿಯ ಸಂಖ್ಯೆ ಎದ್ದು ಕಾಣುವ ಜಾಗದಲ್ಲಿರಬೇಕು. ರಜೆಯಲ್ಲಿ ಜಲಾಶಯಗಳಿಗೂ ಹಿನ್ನೀರುಗಳಿಗೂ ಮಕ್ಕಳನ್ನು ಕರೆದೊಯ್ಯುವ ತಾಯಿತಂದೆಗಳು ದೋಣಿಯನ್ನು ಹತ್ತುವ ಮೊದಲು ತೇಲುಕವಚ ಎಣಿಸುವುದರ ಜತೆಗೆ ಈ ಅಂಕಿಯನ್ನೂ ಒಂದು ಸಲ ನೋಡಬೇಕು. ಅಂಕಿ ಬರೆದ ಮಾತ್ರಕ್ಕೆ ದೋಣಿ ಮುಳುಗುವುದಿಲ್ಲವೆಂದಲ್ಲ. ತನ್ನ ದೋಣಿಯ ಅಂಕಿಯನ್ನು ಮರೆಮಾಡಿರುವವನು ಇನ್ನೂ ಏನನ್ನು ಮರೆಮಾಡಿದ್ದಾನೋ ಎಂಬ ಸಂಶಯ ನ್ಯಾಯವಾದುದು.

ಇನ್ನು ಕಾಪಾಡಿಕೊಳ್ಳುವ ಮಾತು. ಅಂಕಿಗೆ ದೊಡ್ಡ ಶತ್ರು ಕಳ್ಳನಲ್ಲ, ಬಣ್ಣ ಬಳಿಯುವವನು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳಿಗೆ ಕಡಲು ನಿಷಿದ್ಧ. ದುರಸ್ತಿ, ಬಣ್ಣಗಳ ಕಾಲ ಅದು. ಒಡಲಿಗೆ ಅಂಟಿದ ಕಡಲಚಿಪ್ಪುಗಳನ್ನು ಕೆರೆದು, ತುಕ್ಕನ್ನು ಉಜ್ಜಿ, ಹೊಸ ಬಣ್ಣ ಹೊಡೆಯುತ್ತಾರೆ. ಕೆಲಸದವನಿಗೆ ಕೂಲಿ ಅಡಿಯ ಲೆಕ್ಕದಲ್ಲಿ. ಕಡಲೆಕಾಳಿನಷ್ಟು ಅಕ್ಷರದ ಮೇಲೆ ಬ್ರಷ್ಷು ಹರಿದರೆ ಅವನದೇನು ತಪ್ಪು? ಮೊದಲೇ ಹೇಳದವನದು ತಪ್ಪು.

ಬಣ್ಣಕ್ಕೆ ಮೊದಲು ಅಂಕಿಯ ಮೇಲೆ ಅಂಟುಪಟ್ಟಿಯನ್ನು ಹಚ್ಚಿ, ಬಣ್ಣ ಆರುವ ಮೊದಲೇ ಅದನ್ನು ತೆಗೆಯಬೇಕು. ಪೂರ್ತಿ ಆರಿದ ಮೇಲೆ ಎಳೆದರೆ ಅಂಚು ಕಿತ್ತುಬರುತ್ತದೆ. ಅಂಕಿಗೆ ಕಾಪು ಬೇಕಾದರೆ ತೆಳುವಾದ ಬಣ್ಣವಿಲ್ಲದ ವಾರ್ನಿಷು ಸಾಕು. ಲೋಹದ ಫಲಕವಾಗಿದ್ದರೆ ಅದರ ಮೊಳೆಗಳನ್ನು ವರ್ಷಕ್ಕೊಮ್ಮೆ ನೋಡಬೇಕು, ಸಡಿಲಾದ ಫಲಕ ಒಂದು ದಿನ ನೀರಿನ ಪಾಲು. ಉಜ್ಜುವ ಯಂತ್ರವನ್ನು ಅದರ ಹತ್ತಿರಕ್ಕೆ ತರಲೇಬಾರದು. ಸವೆದಿದೆಯೆಂದು ಮನೆಯಲ್ಲಿಯೇ ಉಳಿ ಹಿಡಿದು ತಿದ್ದುವುದೂ ಸಲ್ಲದು. ಅಧಿಕಾರಿಗಳ ಅಪ್ಪಣೆಯಿಲ್ಲದೆ ಒಡಲಿನ ಅಂಕಿಯನ್ನು ಮುಟ್ಟುವುದು ಅಮೆರಿಕದಲ್ಲಿ ನಿಷಿದ್ಧ, ವಾಹನದ ಚಾಸಿಯ ಅಂಕಿಯನ್ನು ತಿದ್ದಿದವನು ಇಲ್ಲಿಯೂ ಪೊಲೀಸರಿಗೆ ಉತ್ತರ ಹೇಳಬೇಕಾದೀತು. ಮೂತಿಯ ಮೇಲಿನ ನೋಂದಣಿಯ ಸಾಲಿನ ವಿಚಾರ ಬೇರೆ. ಅದನ್ನು ಪ್ರತಿವರ್ಷ ತಪ್ಪದೆ ಹೊಸದಾಗಿ ಬರೆಯಿಸಬೇಕು, ಗಾಢವಾದ ಒಡಲಿಗೆ ಬಿಳಿಯ ಅಕ್ಷರ, ಬಿಳಿಯ ಒಡಲಿಗೆ ಕರಿಯದು. ಅಲಂಕಾರದ ಬಳ್ಳಿಯನ್ನು ಎಲ್ಲಿ ಬೇಕಾದರೂ ಬಿಡಿಸಿಕೊಳ್ಳಲಿ, ಅಂಕಿಯ ಸುತ್ತ ಬೇಡ.

ಪೆನ್ಸಿಲಿನಿಂದ ತೆಗೆದ ಹಾಳೆಗೆ ತಾರೀಖು ಬರೆದು, ಮೊಬೈಲಿನಲ್ಲಿ ಅದರ ಚಿತ್ರವನ್ನು ತೆಗೆದು ಮನೆಯ ಇನ್ನೊಬ್ಬರಿಗೂ ಕಳುಹಿಸಬೇಕು. ಹಾಳೆಯನ್ನು ದೋಣಿಯಲ್ಲಿಯೇ ಇಡುವವರೂ ಉಂಟು. ದೋಣಿ ಹೋದರೆ ಹಾಳೆಯೂ ಅದರೊಡನೆ ಹೋಯಿತು! ಅದರ ಸ್ಥಳ ದಡದ ಮೇಲೆ, ಮನೆಯ ಟ್ರಂಕಿನಲ್ಲಿ, ಹೊಲದ ಉತಾರದ ಜತೆಗೆ. ನರಗುಂದದ ಕಾಕಾ ಟ್ರ್ಯಾಕ್ಟರಿನ ಹಾಳೆಯನ್ನು ಮಡಚಿ ಇಡುವುದೂ ಅಲ್ಲಿಯೇ.